ಮುಕ್ತ ಹಾಗೂ ಆನ್‌ಲೈನ್ ಪ್ರೌಢಶಿಕ್ಷಣದಲ್ಲಿ ಅಂಕ, ತೇರ್ಗಡೆ ಮತ್ತು ಪ್ರಗತಿ: ವಿಶಾಖಪಟ್ಟಣ ಮತ್ತು ವಿಜಯವಾಡ

ದಿನವೂ ತರಗತಿಗೆ ಹೋಗದೆ ಹತ್ತನೆಯ ಅಥವಾ ಹನ್ನೆರಡನೆಯ ತರಗತಿ ಓದುವವರಿಗೆ ಅಂಕ ಕೊಡುವುದು ಹೇಗೆ, ಅವರು ಪಾಸಾದರೆಂದು ಯಾವಾಗ ಹೇಳಬಹುದು, ಒಂದು ವಿಷಯ ಉಳಿದುಹೋದರೆ ಮುಂದೇನು ಎಂಬ ಪ್ರಶ್ನೆಗಳಿಗೆ ಉತ್ತರವಾಗಿ ಬೆಳೆದುಬಂದ ನಿಯಮಗಳೇ ಮುಕ್ತ ಶಾಲೆಯ ಮೌಲ್ಯಮಾಪನ ಮತ್ತು ಪ್ರಗತಿ ನೀತಿ. ಆಂಧ್ರಪ್ರದೇಶದಲ್ಲಿ ಈ ಕೆಲಸ ಮಾಡುವ ಸಂಸ್ಥೆಗಳು ಎರಡು. ಒಂದು, ಕೇಂದ್ರ ಸರ್ಕಾರದ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ (ಎನ್‌ಐಒಎಸ್); ಅದರ ಪ್ರಾದೇಶಿಕ ಕೇಂದ್ರ ವಿಶಾಖಪಟ್ಟಣದಲ್ಲಿದೆ. ಇನ್ನೊಂದು, ರಾಜ್ಯ ಸರ್ಕಾರದ ಆಂಧ್ರಪ್ರದೇಶ ಮುಕ್ತ ಶಾಲಾ ಸೊಸೈಟಿ. ರಾಜ್ಯ ವಿಭಜನೆಯ ನಂತರ ಅದರ ಆಡಳಿತ ವಿಜಯವಾಡ–ಗುಂಟೂರು ಭಾಗಕ್ಕೆ ಬಂತು. ಸಾಮಾನ್ಯ ಶಾಲೆಯಲ್ಲಿ ಎಲ್ಲರಿಗೂ ಒಂದೇ ಅವಧಿ: ವರ್ಷ ಮುಗಿದಾಗ ಕೆಲವರು ಮುಂದೆ ಹೋಗುತ್ತಾರೆ, ಕೆಲವರು ಹಿಂದೆ ಉಳಿಯುತ್ತಾರೆ. ಮುಕ್ತ ಶಾಲೆಯಲ್ಲಿ ತಲುಪಬೇಕಾದ ಮಟ್ಟ ಎಲ್ಲರಿಗೂ ಒಂದೇ, ಅಲ್ಲಿಗೆ ಸೇರುವ ಅವಧಿ ಮಾತ್ರ ಅವರವರ ಅನುಕೂಲಕ್ಕೆ ಬಿಟ್ಟದ್ದು. ಈ ವ್ಯವಸ್ಥೆಯ ಮಿಕ್ಕೆಲ್ಲ ನಿಯಮಗಳ ಬುಡದಲ್ಲಿರುವುದು ಇದೊಂದೇ ತತ್ತ್ವ.

ಹಿನ್ನೆಲೆ

ದೂರಶಿಕ್ಷಣ ತೆಲುಗು ನಾಡಿಗೆ ಹೊಸದಲ್ಲ. 1926ರಲ್ಲಿ ಬೆಜವಾಡದಲ್ಲಿ, ಅಂದರೆ ಇಂದಿನ ವಿಜಯವಾಡದಲ್ಲಿ ಆರಂಭವಾದ ಆಂಧ್ರ ವಿಶ್ವವಿದ್ಯಾಲಯ 1930ರಲ್ಲಿ ವಿಶಾಖಪಟ್ಟಣದ ವಾಲ್ಟೇರಿಗೆ ಹೋಯಿತು; 1972ರಲ್ಲಿ ಅಲ್ಲಿ ಅಂಚೆ ಶಿಕ್ಷಣ ಶುರುವಾಯಿತು. ದೇಶದ ಮೊದಲ ಮುಕ್ತ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದೂ ಅವಿಭಜಿತ ಆಂಧ್ರಪ್ರದೇಶದಲ್ಲೇ, 1982ರಲ್ಲಿ. ಹೈದರಾಬಾದಿನ ಆ ಸಂಸ್ಥೆಗೆ ಈಗ ಡಾ. ಬಿ.ಆರ್. ಅಂಬೇಡ್ಕರ್ ಅವರ ಹೆಸರಿದೆ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ (ಇಗ್ನೋ) ಬಂದದ್ದು 1985ರಲ್ಲಿ. ಅದರ ಪ್ರಾದೇಶಿಕ ಕೇಂದ್ರಗಳು ವಿಜಯವಾಡ, ವಿಶಾಖಪಟ್ಟಣ ಎರಡರಲ್ಲೂ ಇವೆ.

ಶಾಲಾ ಮಟ್ಟದಲ್ಲಿ ಈ ಪ್ರಯತ್ನ ಮೊದಲು ನಡೆದದ್ದು 1979ರಲ್ಲಿ, ಸಿಬಿಎಸ್‌ಇ ಕೈಗೊಂಡ ಒಂದು ಯೋಜನೆಯಾಗಿ. 1989ರ ನವೆಂಬರಿನಲ್ಲಿ ಅದು ರಾಷ್ಟ್ರೀಯ ಮುಕ್ತ ಶಾಲೆ ಎಂಬ ಸ್ವಾಯತ್ತ ಸಂಸ್ಥೆಯಾಯಿತು. 1990ರಲ್ಲಿ ಅದಕ್ಕೆ ಸ್ವಂತವಾಗಿ ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಡುವ ಅಧಿಕಾರ ಸಿಕ್ಕಿತು. 2002ರಲ್ಲಿ ಈಗಿನ ಹೆಸರು ಬಂತು. ಆಂಧ್ರದ ರಾಜ್ಯ ಮುಕ್ತ ಶಾಲೆ ಹುಟ್ಟಿದ್ದು 1991ರಲ್ಲಿ. ಶಾಲೆ ಬಿಟ್ಟ ಮಕ್ಕಳಿಗೆ ಮೂಲ ಶಿಕ್ಷಣ ಕೊಡುವುದಕ್ಕೆ ಆರಂಭವಾದ ಅದು 2008–09ರಿಂದ ಹತ್ತನೆಯ ತರಗತಿಯನ್ನೂ 2010–11ರಿಂದ ಇಂಟರ್‌ಮೀಡಿಯೆಟ್, ಅಂದರೆ ಹನ್ನೊಂದು–ಹನ್ನೆರಡನೆಯ ತರಗತಿಗಳನ್ನೂ ಸೇರಿಸಿಕೊಂಡಿತು. 2014ರಲ್ಲಿ ತೆಲಂಗಾಣ ಬೇರೆಯಾದ ಮೇಲೆ ಆ ರಾಜ್ಯ ತನ್ನದೇ ಮುಕ್ತ ಶಾಲೆ ಕಟ್ಟಿಕೊಂಡಿತು.

ಆನ್‌ಲೈನ್ ಪಾಠ ಇವೆಲ್ಲದರ ಮೇಲೆ ಬಂದು ಸೇರಿದ ಪದರ. 2017ರ ಜುಲೈನಲ್ಲಿ ಆರಂಭವಾದ ‘ಸ್ವಯಂ’ ವೇದಿಕೆಯಲ್ಲಿ ಎನ್‌ಐಒಎಸ್ ಪಾಠಗಳೂ ಇವೆ. 2021ರ ಆಗಸ್ಟ್ 24ರಂದು ಕೇಂದ್ರ ಶಿಕ್ಷಣ ಸಚಿವ ಧರ್ಮೇಂದ್ರ ಪ್ರಧಾನ್ ಎನ್‌ಐಒಎಸ್‌ನ ವರ್ಚುವಲ್ ಶಾಲೆಗೆ ಚಾಲನೆ ಕೊಟ್ಟರು. ನೇರ ಪಾಠ, ಸಂದೇಹ ಪರಿಹಾರ, ಅಸೈನ್‌ಮೆಂಟ್ ಸಲ್ಲಿಕೆ ಎಲ್ಲ ಪರದೆಯ ಮೇಲೆ ನಡೆಯತೊಡಗಿದವು. ಪರೀಕ್ಷೆ ಮಾತ್ರ ಕೇಂದ್ರಕ್ಕೆ ಹೋಗಿ, ಮೇಲ್ವಿಚಾರಕರ ಎದುರು ಬರೆಯುವಂಥದ್ದಾಗಿಯೇ ಉಳಿಯಿತು.

ಎರಡು ನಗರಗಳು

ವಿಶಾಖಪಟ್ಟಣ ಬಂದರು, ಉಕ್ಕಿನ ಕಾರ್ಖಾನೆ, ಮೀನುಗಾರಿಕೆ ಮತ್ತು ಪೂರ್ವ ನೌಕಾ ಕಮಾಂಡಿನ ಊರು. ಊರೂರಿಗೆ ವರ್ಗವಾಗುವ ಕುಟುಂಬಗಳು ಇಲ್ಲಿವೆ. ಹದಿಹರೆಯದಲ್ಲೇ ದುಡಿಮೆಗಿಳಿದವರೂ ಇದ್ದಾರೆ. ಮೇಲಿನ ಘಟ್ಟದಲ್ಲಿ ಅರಕು, ಪಾಡೇರುಗಳ ಆದಿವಾಸಿ ಹಳ್ಳಿಗಳು. 2022ರ ಏಪ್ರಿಲ್‌ನಿಂದ ಆ ಭಾಗ ಅಲ್ಲೂರಿ ಸೀತಾರಾಮರಾಜು ಜಿಲ್ಲೆ. ಹೀಗೆ ಓದು ನಡುವೆ ಕಡಿದುಹೋಗುವ ಕಾರಣಗಳು ಈ ಭಾಗದಲ್ಲಿ ಹಲವು.

ವಿಜಯವಾಡದ ಕಥೆ ಬೇರೆ. ಇಂಜಿನಿಯರಿಂಗ್, ವೈದ್ಯಕೀಯ ಪ್ರವೇಶ ಪರೀಕ್ಷೆಗಳ ತರಬೇತಿಗೆ ಹೆಸರಾದ ನಗರ ಅದು. ಶ್ರೀ ಚೈತನ್ಯ ಸಂಸ್ಥೆ 1986ರಲ್ಲಿ ಇಲ್ಲಿ ಹೆಣ್ಣುಮಕ್ಕಳ ಜೂನಿಯರ್ ಕಾಲೇಜಾಗಿ ಆರಂಭವಾಯಿತು. ನೆಲ್ಲೂರಿನ ನಾರಾಯಣ ಸಂಸ್ಥೆಯೂ ಇಲ್ಲಿ ಬೇರುಬಿಟ್ಟಿತು. ಹಾಸ್ಟೆಲ್ಲು, ಬೆಳಗಿನಿಂದ ರಾತ್ರಿಯವರೆಗೆ ಓದು, ವಾರವಾರದ ಪರೀಕ್ಷೆ, ರ‍್ಯಾಂಕಿನ ಪಟ್ಟಿ ಇಲ್ಲಿನ ವಾಡಿಕೆ. ಆ ಓಟದಲ್ಲಿ ಹಿಂದೆ ಬಿದ್ದ ಮಗುವಿಗೆ, ‘ನಿಧಾನವಾಗಿ ಓದಿದರೂ ಪಾಸಾಗಬಹುದು’ ಎಂದು ಸರ್ಕಾರದ ನಿಯಮವೇ ಹೇಳುವ ದಾರಿಯೊಂದು ಅದೇ ಊರಿನಲ್ಲಿ ಇರುವುದು ದೊಡ್ಡ ಆಸರೆ.

ಪ್ರವೇಶ ಮತ್ತು ವಿಷಯಗಳು

ಎನ್‌ಐಒಎಸ್‌ನಲ್ಲಿ ಹತ್ತನೆಯ ತರಗತಿಗೆ ಸೇರಲು 14 ವರ್ಷ, ಹನ್ನೆರಡನೆಯ ತರಗತಿಗೆ 15 ವರ್ಷ ತುಂಬಿರಬೇಕು. ಗರಿಷ್ಠ ವಯಸ್ಸಿನ ಮಿತಿ ಇಲ್ಲ. ಪ್ರಮಾಣಪತ್ರಕ್ಕೆ ಕನಿಷ್ಠ ಐದು ವಿಷಯ ಬೇಕು. ಅವುಗಳಲ್ಲಿ ಒಂದಾದರೂ ಭಾಷೆ ಇರಬೇಕು, ಎರಡಕ್ಕಿಂತ ಹೆಚ್ಚು ಭಾಷೆ ಇರಬಾರದು. ಬೇಕಿದ್ದರೆ ಇನ್ನೆರಡು ವಿಷಯ ಹೆಚ್ಚುವರಿಯಾಗಿ ತೆಗೆದುಕೊಳ್ಳಬಹುದು. ಗಣಿತ, ವಿಜ್ಞಾನ ಎಲ್ಲರಿಗೂ ಕಡ್ಡಾಯವಲ್ಲ. ಗೃಹವಿಜ್ಞಾನ, ಚಿತ್ರಕಲೆ, ವ್ಯವಹಾರ ಅಧ್ಯಯನ, ಡೇಟಾ ಎಂಟ್ರಿಯಂಥ ವಿಷಯಗಳೂ ಪಟ್ಟಿಯಲ್ಲಿವೆ. ಗಣಿತದ ಭಯಕ್ಕೆ ಶಾಲೆ ಬಿಟ್ಟವರನ್ನು ಹತ್ತನೆಯ ತರಗತಿಯ ಗಡಿ ದಾಟಿಸಿದ್ದು ಈ ಆಯ್ಕೆಯೇ. ಆದರೆ ಮುಂದೆ ವಿಜ್ಞಾನವನ್ನೋ ತಾಂತ್ರಿಕ ಡಿಪ್ಲೊಮಾವನ್ನೋ ಓದಬಯಸುವವರು ಸೇರುವ ದಿನವೇ ಆಯ್ಕೆಯ ಪರಿಣಾಮ ತಿಳಿದಿರಬೇಕು. ಇದನ್ನು ಬಿಡಿಸಿ ಹೇಳುವುದು ವಿದ್ಯಾರ್ಥಿ ಸೇರಿಕೊಂಡ ಅಧ್ಯಯನ ಕೇಂದ್ರದ ಹೊಣೆ.

ಅಂಕದ ಲೆಕ್ಕ

ಎನ್‌ಐಒಎಸ್‌ನಲ್ಲಿ ವಿಷಯವೊಂದರ ಅಂಕಕ್ಕೆ ಮೂರು ಮೂಲಗಳಿವೆ: ಲಿಖಿತ ಪರೀಕ್ಷೆ, ಪ್ರಾಯೋಗಿಕ ಪರೀಕ್ಷೆ ಇರುವ ವಿಷಯಗಳಲ್ಲಿ ಅದರ ಅಂಕ, ಮತ್ತು ಶಿಕ್ಷಕರು ತಿದ್ದಿ ಅಂಕ ಕೊಡುವ ಅಸೈನ್‌ಮೆಂಟ್. ಅಸೈನ್‌ಮೆಂಟಿಗೆ ಶೇ. 20ರಷ್ಟು ತೂಕ. ಪಾಸಾಗಲು ಲಿಖಿತದಲ್ಲಿ ಪ್ರತ್ಯೇಕವಾಗಿ ಶೇ. 33, ಪ್ರಾಯೋಗಿಕದಲ್ಲಿ ಪ್ರತ್ಯೇಕವಾಗಿ ಶೇ. 33, ಒಟ್ಟಾರೆಯಲ್ಲೂ ಶೇ. 33 ಬೇಕು. ಅಸೈನ್‌ಮೆಂಟಿಗೆ ಕನಿಷ್ಠ ಅಂಕದ ನಿಯಮವಿಲ್ಲ. ರಾಜ್ಯ ಮುಕ್ತ ಶಾಲೆಯಲ್ಲಿ ತೇರ್ಗಡೆಯ ಮಟ್ಟ 35. ಆಂಧ್ರದ ಸಾಮಾನ್ಯ ಹತ್ತನೆಯ ತರಗತಿಯಲ್ಲೂ ಮಟ್ಟ ಅಷ್ಟೇ, ಆದರೆ ಅಲ್ಲಿ ದ್ವಿತೀಯ ಭಾಷೆ ಹಿಂದಿಗೆ 20 ಸಾಕು.

ಲೆಕ್ಕ ಹೇಗೆ ನಡೆಯುತ್ತದೆಂದು ಒಂದು ಉದಾಹರಣೆಯಲ್ಲಿ ನೋಡಬಹುದು. ಪ್ರಾಯೋಗಿಕ ಪರೀಕ್ಷೆ ಇಲ್ಲದ ವಿಷಯವೊಂದರಲ್ಲಿ ವಿದ್ಯಾರ್ಥಿನಿಯೊಬ್ಬಳಿಗೆ ಲಿಖಿತದಲ್ಲಿ 100ಕ್ಕೆ 40, ಅಸೈನ್‌ಮೆಂಟಿನಲ್ಲಿ 20ಕ್ಕೆ 16 ಬಂತೆನ್ನಿ. ಲಿಖಿತದ 40ನ್ನು 80ರ ತೂಕಕ್ಕೆ ಇಳಿಸಿದರೆ 32. 16 ಕೂಡಿಸಿದರೆ ಒಟ್ಟು 48. ಅವಳು ಪಾಸು. ಇನ್ನೊಬ್ಬನಿಗೆ ಲಿಖಿತದಲ್ಲಿ 31, ಅಸೈನ್‌ಮೆಂಟಿನಲ್ಲಿ 18. ತೂಕದ ಲೆಕ್ಕದಲ್ಲಿ 24.8ಕ್ಕೆ 18 ಸೇರಿ 42.8 ಆಗುತ್ತದೆ. ಒಟ್ಟು ಅಂಕ ಸಾಕಷ್ಟಿದ್ದರೂ ಲಿಖಿತದಲ್ಲಿ 33 ಮುಟ್ಟದ ಕಾರಣ ಅವನು ಪಾಸಾಗುವುದಿಲ್ಲ. ಮೂರನೆಯವನು ಅಸೈನ್‌ಮೆಂಟ್ ಕೊಡಲೇ ಇಲ್ಲ, ಲಿಖಿತದಲ್ಲಿ 38 ತೆಗೆದ. ಅವನ ಒಟ್ಟು 30.4, ಅವನಿಗೂ ತೇರ್ಗಡೆ ಇಲ್ಲ. ಕನಿಷ್ಠ ಅಂಕವಿಲ್ಲದ ಅಸೈನ್‌ಮೆಂಟೂ ಫಲಿತಾಂಶವನ್ನು ತಿರುಗಿಸಿಬಿಡಬಲ್ಲದು.

ಆದ್ದರಿಂದ ಅಸೈನ್‌ಮೆಂಟಿನ ಗಡುವು ನೆನಪಿಡುವುದು ಮುಖ್ಯ. ಏಪ್ರಿಲ್–ಮೇ ಪರೀಕ್ಷೆ ಬರೆಯುವವರಿಗೆ ಜನವರಿ 31, ಅಕ್ಟೋಬರ್–ನವೆಂಬರ್ ಪರೀಕ್ಷೆಯವರಿಗೆ ಜುಲೈ 31 ಎಂಬುದು ಎನ್‌ಐಒಎಸ್‌ನ ರೂಢಿ. ಉತ್ತರವನ್ನು ಕೈಬರಹದಲ್ಲಿ ಬರೆದು, ಹಾಳೆಗಳನ್ನು ಸ್ಕ್ಯಾನ್ ಮಾಡಿ, ವಿದ್ಯಾರ್ಥಿಯ ಖಾತೆಯಿಂದ ಅಪ್‌ಲೋಡ್ ಮಾಡಬೇಕು. ಅಸೈನ್‌ಮೆಂಟಿನ ನಿಜವಾದ ಉಪಯೋಗ ಅಂಕಕ್ಕಿಂತ ಶಿಕ್ಷಕರು ಬರೆಯುವ ಟಿಪ್ಪಣಿಯಲ್ಲಿದೆ: ತರಗತಿ ಇಲ್ಲದ ವಿದ್ಯಾರ್ಥಿಗೆ ‘ಇಲ್ಲಿ ತಪ್ಪಿದೆ, ಹೀಗೆ ಬರೆ’ ಎಂದು ಹೇಳುವ ದನಿ ಬಹುಪಾಲು ಅದೊಂದೇ. ಬರೀ ಅಂಕ ನಮೂದಿಸಿ ಟಿಪ್ಪಣಿ ಬಿಟ್ಟರೆ ಆ ವಿದ್ಯಾರ್ಥಿಯ ಪಾಠವನ್ನೇ ಕಿತ್ತುಕೊಂಡಂತೆ. ಈಚಿನ ವರ್ಷಗಳಲ್ಲಿ ಎನ್‌ಐಒಎಸ್ ಪಠ್ಯವನ್ನೇ ಎರಡು ಪಾಲು ಮಾಡಿದೆ: ಸುಮಾರು ಶೇ. 40 ಅಸೈನ್‌ಮೆಂಟಿಗೆ, ಶೇ. 60 ಸಾರ್ವಜನಿಕ ಪರೀಕ್ಷೆಗೆ. ಓದಿನ ಹೊರೆ ಇದರಿಂದ ಇಳಿದಿದೆ, ಅಸೈನ್‌ಮೆಂಟಿನ ಮಹತ್ವ ಏರಿದೆ.

ಪ್ರಗತಿಯ ನಿಯಮಗಳು

ಸಾಮಾನ್ಯ ಶಾಲೆಯಲ್ಲಿ ಪ್ರಗತಿ ಎಂದರೆ ಮುಂದಿನ ತರಗತಿಗೆ ಬಡ್ತಿ. ಮುಕ್ತ ಶಾಲೆಯಲ್ಲಿ ಅದು ವಿಷಯದಿಂದ ವಿಷಯಕ್ಕೆ ನಡೆಯುವ ಲೆಕ್ಕ. ಇಲ್ಲಿ ನಾಲ್ಕು ನಿಯಮಗಳು ಮುಖ್ಯ.

ಮೊದಲನೆಯದು ಅವಧಿ. ಒಮ್ಮೆ ನೋಂದಾಯಿಸಿದರೆ ಐದು ವರ್ಷ ಊರ್ಜಿತ. ಆ ಅವಧಿಯಲ್ಲಿ ಒಂಬತ್ತು ಬಾರಿ ಪರೀಕ್ಷೆ ಬರೆಯಲು ಅವಕಾಶ. ಎನ್‌ಐಒಎಸ್ ವರ್ಷಕ್ಕೆ ಎರಡು ಸಾರ್ವಜನಿಕ ಪರೀಕ್ಷೆ ನಡೆಸುತ್ತದೆ. ಇದಲ್ಲದೆ, ಆಯ್ದ ಕೇಂದ್ರಗಳಲ್ಲಿ ವಿದ್ಯಾರ್ಥಿ ತಾನು ಸಿದ್ಧನಾದಾಗ ಬರೆಯಬಹುದಾದ ಬೇಡಿಕೆ ಪರೀಕ್ಷೆಯ ಪದ್ಧತಿಯೂ ಇದೆ.

ಎರಡನೆಯದು ಕ್ರೆಡಿಟ್ ಕೂಡಿಡುವ ನಿಯಮ. ಐದೂ ವಿಷಯಗಳನ್ನು ಒಟ್ಟಿಗೆ ಬರೆಯಬೇಕಿಲ್ಲ. ಈ ಸಲ ಎರಡು, ಮುಂದಿನ ಸಲ ಒಂದು ಎಂದು ಬರೆಯಬಹುದು. ಪಾಸಾದ ವಿಷಯ ಬ್ಯಾಂಕಿನ ಖಾತೆಗೆ ಕಟ್ಟಿದ ಹಣದಂತೆ ಹೆಸರಿನಲ್ಲಿ ಜಮೆಯಾಗಿರುತ್ತದೆ. ಒಂದರಲ್ಲಿ ಫೇಲಾದರೆ ಅದೊಂದನ್ನೇ ಮತ್ತೆ ಬರೆದರಾಯಿತು. ಬಂದ ಅಂಕ ಸಾಲದೆನಿಸಿದರೆ ಸುಧಾರಣೆಗೆ ಬರೆಯುವ ಅವಕಾಶವೂ ಉಂಟು.

ಮೂರನೆಯದು ಕ್ರೆಡಿಟ್ ವರ್ಗಾವಣೆ. ಮಾನ್ಯತೆ ಪಡೆದ ಬೇರೆ ಮಂಡಳಿಯಲ್ಲಿ ಪಾಸಾದ ಎರಡು ವಿಷಯಗಳವರೆಗೆ ಅಂಕವನ್ನು ಇಲ್ಲಿಗೆ ತರಬಹುದು. ವಿಜಯವಾಡದ ಸಾಮಾನ್ಯ ಶಾಲೆಯಲ್ಲಿ ಹತ್ತನೆಯ ತರಗತಿ ಬರೆದು ಗಣಿತದಲ್ಲೂ ವಿಜ್ಞಾನದಲ್ಲೂ ಫೇಲಾದ ಹುಡುಗ, ಪಾಸಾದ ಎರಡು ವಿಷಯಗಳನ್ನು ಹೊತ್ತು ತಂದು, ಉಳಿದ ಮೂರನ್ನು ಮಾತ್ರ ಇಲ್ಲಿ ಬರೆದು ಪ್ರಮಾಣಪತ್ರ ಪಡೆಯಬಹುದು. ಆಗಲೇ ಪಟ್ಟ ಶ್ರಮ ನೀರುಪಾಲಾಗದು.

ನಾಲ್ಕನೆಯದು ಅಂತರದ ನಿಯಮ. ಪೋಷಕರು ಹೆಚ್ಚಾಗಿ ಎಡವುವುದು ಇಲ್ಲೇ. ಹತ್ತನೆಯ ತರಗತಿ ಪಾಸಾಗಿ ಎರಡು ವರ್ಷ ಕಳೆದ ಮೇಲಷ್ಟೇ ಹನ್ನೆರಡನೆಯ ತರಗತಿಯ ಪೂರ್ಣ ಪ್ರಮಾಣಪತ್ರ ಸಿಗುತ್ತದೆ. ಒಂದೇ ವರ್ಷದ ಅಂತರದಲ್ಲಿ ಬರೆಯಲು ಹೊರಟರೆ ನಾಲ್ಕು ವಿಷಯಗಳಿಗಷ್ಟೇ ಅನುಮತಿ. ‘ಒಂದೇ ವರ್ಷದಲ್ಲಿ ಇಂಟರ್ ಮುಗಿಸಿಕೊಡುತ್ತೇವೆ’ ಎಂದು ಹಣ ಕೇಳುವ ಮಧ್ಯವರ್ತಿಗಳನ್ನು ಗುರುತಿಸಲು ಈ ಒಂದು ನಿಯಮ ತಿಳಿದಿದ್ದರೆ ಸಾಕು.

ಗ್ರೇಡೋ ಅಂಕವೋ

ಎನ್‌ಐಒಎಸ್ ಅಂಕಪಟ್ಟಿಯಲ್ಲಿ ಅಂಕಗಳಿರುತ್ತವೆ. ಪ್ರಥಮ ದರ್ಜೆ, ದ್ವಿತೀಯ ದರ್ಜೆ ಎಂಬ ವಿಂಗಡಣೆ ಇರುವುದಿಲ್ಲ. ಸಾಮಾನ್ಯ ಶಾಲೆಗಳಲ್ಲಿ ಮಾತ್ರ ಈ ವಿಚಾರ ಹಿಂದೆ ಮುಂದೆ ತೂಗಾಡಿದೆ. ಸಿಬಿಎಸ್‌ಇ 2009ರಲ್ಲಿ ಗ್ರೇಡ್ ಆಧಾರಿತ ನಿರಂತರ ಮತ್ತು ಸಮಗ್ರ ಮೌಲ್ಯಮಾಪನ ತಂದು, 2018ರಿಂದ ಹತ್ತನೆಯ ತರಗತಿಗೆ ಬೋರ್ಡ್ ಪರೀಕ್ಷೆಯನ್ನು ಮರಳಿ ಕಡ್ಡಾಯ ಮಾಡಿತು. ಆಂಧ್ರದಲ್ಲಿ 2012ರಲ್ಲಿ ಹತ್ತನೆಯ ತರಗತಿಗೆ ಗ್ರೇಡ್ ಬಂತು. 2022ರ ಫಲಿತಾಂಶ ಮತ್ತೆ ಅಂಕಗಳಲ್ಲೇ ಹೊರಬಿತ್ತು. ಅಂಕ ಮರಳಿದ ಕೂಡಲೇ ರ‍್ಯಾಂಕಿನ ಜಾಹೀರಾತುಗಳು ಮರಳುವ ಅಪಾಯವಿತ್ತು. ಹಾಗಾಗಿ ಅದೇ ವರ್ಷ ರಾಜ್ಯ ಸರ್ಕಾರ, ಶಾಲೆಗಳು ರ‍್ಯಾಂಕುಗಳನ್ನು ಪ್ರಚಾರ ಮಾಡಬಾರದೆಂದು ಆದೇಶಿಸಿ, ಮೀರಿದರೆ ಪರೀಕ್ಷಾ ಅಕ್ರಮ ತಡೆ ಕಾಯ್ದೆಯಡಿ ಜೈಲು ಶಿಕ್ಷೆಯ ಎಚ್ಚರಿಕೆ ಕೊಟ್ಟಿತು.

ಕೋವಿಡ್ ಕಾಲ

2020ರಲ್ಲಿ ಶಾಲೆಗಳು ಮುಚ್ಚಿದಾಗ ಎಲ್ಲ ಮಕ್ಕಳೂ ಒಂದರ್ಥದಲ್ಲಿ ದೂರಶಿಕ್ಷಣದ ವಿದ್ಯಾರ್ಥಿಗಳಾದರು. ವಿಜಯವಾಡದ ದೂರದರ್ಶನ ಸಪ್ತಗಿರಿ ವಾಹಿನಿಯಲ್ಲಿ ‘ವಿದ್ಯಾಮೃತಂ’, ‘ವಿದ್ಯಾ ವಾರಧಿ’ ಹೆಸರಿನಲ್ಲಿ ಪಾಠಗಳು ಪ್ರಸಾರವಾದವು. ಕರ್ನಾಟಕದ ಮಕ್ಕಳು ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳನ್ನು ನೋಡಿದರು. ಆ ವರ್ಷ ಆಂಧ್ರ ಹತ್ತನೆಯ ತರಗತಿಯ ಪರೀಕ್ಷೆ ರದ್ದು ಮಾಡಿ ಎಲ್ಲರನ್ನೂ ಪಾಸು ಮಾಡಿತು. 2021ರಲ್ಲಿ ಪರೀಕ್ಷೆ ನಡೆಸಲೇಬೇಕೆಂದು ಸರ್ಕಾರ ಪಟ್ಟು ಹಿಡಿದಾಗ ಸುಪ್ರೀಂ ಕೋರ್ಟ್ ಕಟುವಾಗಿ ಪ್ರಶ್ನಿಸಿತು. ಜೂನ್ 24ರಂದು ಪರೀಕ್ಷೆ ರದ್ದಾಯಿತು. ಇಂಟರ್ ಎರಡನೆಯ ವರ್ಷದ ಅಂಕ ಕಟ್ಟಲು ಸೂತ್ರವೊಂದು ಬಂತು: ಹತ್ತನೆಯ ತರಗತಿಯ ಅತ್ಯುತ್ತಮ ಮೂರು ವಿಷಯಗಳಿಗೆ ಶೇ. 30, ಇಂಟರ್ ಮೊದಲ ವರ್ಷಕ್ಕೆ ಶೇ. 70. ಎನ್‌ಐಒಎಸ್ ಕೂಡ ಆ ವರ್ಷದ ಜೂನ್ ತಿಂಗಳ ಸಾರ್ವಜನಿಕ ಪರೀಕ್ಷೆ ಕೈಬಿಟ್ಟಿತು.

ಆ ಅನುಭವ ಕಲಿಸಿದ ಪಾಠ ಸ್ಪಷ್ಟ. ವರ್ಷದುದ್ದಕ್ಕೂ ಮಗು ಮಾಡಿದ ಕೆಲಸದ ನಂಬಬಹುದಾದ ದಾಖಲೆ ಇದ್ದರೆ, ಕೊನೆಯ ಒಂದು ಪರೀಕ್ಷೆ ತಪ್ಪಿದರೂ ನ್ಯಾಯವಾಗಿ ಅಂಕ ಕೊಡಬಹುದು. ಅಂಥ ದಾಖಲೆ ಇಲ್ಲದಿದ್ದರೆ ಎಲ್ಲರನ್ನೂ ಪಾಸು ಮಾಡುವುದು ಇಲ್ಲವೇ ಹಳೆಯ ವರ್ಷಗಳ ಅಂಕಕ್ಕೆ ಮೊರೆಹೋಗುವುದು, ಇವೆರಡೇ ದಾರಿ. 2022ರ ಡಿಸೆಂಬರ್ 21ರಂದು ಆಂಧ್ರ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೂ ಶಿಕ್ಷಕರಿಗೂ ಸುಮಾರು 5 ಲಕ್ಷ ಟ್ಯಾಬ್‌ಗಳನ್ನು ಹಂಚತೊಡಗಿತು. ಸಾಧನ ಕೈಗೆ ಬಂದರೆ ಸಾಲದು. ಅದರಲ್ಲಿ ಮಗು ಮಾಡಿದ ಅಭ್ಯಾಸವನ್ನು ಯಾರು ನೋಡುತ್ತಾರೆ, ತಿದ್ದುತ್ತಾರೆ ಎಂಬುದೇ ಮುಖ್ಯ.

ಬೇರೆ ದೇಶಗಳಲ್ಲಿ

ಆಸ್ಟ್ರೇಲಿಯಾದ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ 1951ರಲ್ಲಿ ರೇಡಿಯೊ ಮೂಲಕ ಪಾಠ ಹೇಳುವ ಶಾಲೆ ಆರಂಭವಾಯಿತು. ಅಮೆರಿಕದಲ್ಲಿ 1997ರಲ್ಲಿ ಶುರುವಾದ ಫ್ಲಾರಿಡಾ ವರ್ಚುವಲ್ ಶಾಲೆ ಆನ್‌ಲೈನ್ ಪ್ರೌಢಶಾಲೆಗಳಿಗೆ ಮಾದರಿಯಾಯಿತು. ಅಲ್ಲಿ ಕೋರ್ಸಿಗೆ ಸೇರಿದ ಮೊದಲ ಕೆಲವು ದಿನಗಳು ಪರಿಶೀಲನೆಯ ಅವಧಿ. ಅಷ್ಟರೊಳಗೆ ಬಿಟ್ಟರೆ ದಾಖಲೆಯಲ್ಲಿ ಕಪ್ಪುಚುಕ್ಕೆ ಉಳಿಯದು. ಆ ಬಳಿಕ ವಿದ್ಯಾರ್ಥಿ ಕೋರ್ಸಿನಲ್ಲಿ ಎಷ್ಟು ದೂರ ಬಂದಿದ್ದಾನೆ ಎಂದು ಶಿಕ್ಷಕರು ವಾರವಾರವೂ ಗಮನಿಸುತ್ತಾರೆ. ಅಮೆರಿಕದ ಪ್ರೌಢಶಾಲೆಗಳಲ್ಲಿ ಎ, ಬಿ, ಸಿ ಗ್ರೇಡುಗಳನ್ನು 4ರ ಮಾಪಕಕ್ಕೆ ತಂದು ಸರಾಸರಿ ತೆಗೆಯುವುದು ರೂಢಿ. ಒಂದೊಂದು ಕೋರ್ಸಿಗೂ ಕ್ರೆಡಿಟ್ ಇರುತ್ತದೆ. ಭಾರತದಲ್ಲೂ 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು 30 ಗಂಟೆಯ ಕಲಿಕೆಗೆ ಒಂದು ಕ್ರೆಡಿಟ್, ವರ್ಷಕ್ಕೆ 1,200 ಗಂಟೆಗೆ 40 ಕ್ರೆಡಿಟ್ ಎಂಬ ಅಳತೆ ಇಟ್ಟಿದೆ. ಮುಕ್ತ ಶಾಲೆಗಳು ದಶಕಗಳಿಂದ ನಡೆಸಿಕೊಂಡು ಬಂದ ಕ್ರೆಡಿಟ್ ಪದ್ಧತಿಯ ಕಡೆಗೆ ಸಾಮಾನ್ಯ ಶಾಲೆಗಳೂ ಈಗ ಹೆಜ್ಜೆ ಹಾಕುತ್ತಿವೆ.

ಮಾನ್ಯತೆ

ಮುಕ್ತ ಶಾಲೆಯ ಪ್ರಮಾಣಪತ್ರ ಕೆಲಸಕ್ಕೆ, ಕಾಲೇಜಿಗೆ ನಡೆಯುತ್ತದೆಯೇ ಎಂಬುದು ಪ್ರತಿ ಮನೆಯಲ್ಲೂ ಏಳುವ ಪ್ರಶ್ನೆ. ಎನ್‌ಐಒಎಸ್ ಪ್ರಮಾಣಪತ್ರ ಇತರ ಮಂಡಳಿಗಳ ಪ್ರಮಾಣಪತ್ರಕ್ಕೆ ಸಮಾನ. ಮುಚ್ಚಿದ್ದ ಬಾಗಿಲೆಂದರೆ ವೈದ್ಯಕೀಯ ಶಿಕ್ಷಣದ್ದು. 1997ರ ವೈದ್ಯಕೀಯ ಶಿಕ್ಷಣ ನಿಯಮಾವಳಿಯಲ್ಲಿದ್ದ ಒಂದು ಷರತ್ತಿನಿಂದ ಮುಕ್ತ ಶಾಲೆಯವರು ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ನೀಟ್ ಬರೆಯುವಂತಿರಲಿಲ್ಲ. 2018ರಲ್ಲಿ ದೆಹಲಿ ಹೈಕೋರ್ಟ್ ಆ ಷರತ್ತನ್ನು ತೆಗೆದುಹಾಕಿತು. 2024ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದ ಪ್ರಕರಣದಲ್ಲಿ, ಮಾನ್ಯತೆ ಪಡೆದ ಮುಕ್ತ ಶಾಲೆಗಳ ವಿದ್ಯಾರ್ಥಿಗಳು ನೀಟ್‌ಗೆ ಅರ್ಹರು ಎಂಬುದು ಖಚಿತವಾಯಿತು. ವೈದ್ಯಕೀಯ ಸೀಟಿನ ಕನಸು ಕಾಣುವ ವಿಜಯವಾಡದಂಥ ನಗರದಲ್ಲಿ ಇದರ ಬೆಲೆ ದೊಡ್ಡದು.

ಮಾನ್ಯತೆ ಉಳಿಯುವುದು ಪರೀಕ್ಷೆಯ ಪ್ರಾಮಾಣಿಕತೆಯಿಂದ. ಮನೆಯಲ್ಲಿ ಬರೆದ ಅಸೈನ್‌ಮೆಂಟನ್ನು ವಿದ್ಯಾರ್ಥಿಯೇ ಬರೆದನೇ ಎಂಬ ಸಂದೇಹ ಇದ್ದೇ ಇರುತ್ತದೆ. ಅಸೈನ್‌ಮೆಂಟಿನ ತೂಕವನ್ನು ಶೇ. 20ಕ್ಕೆ ಮಿತಿಗೊಳಿಸಿ, ಲಿಖಿತದಲ್ಲಿ ಪ್ರತ್ಯೇಕ ತೇರ್ಗಡೆ ಕಡ್ಡಾಯ ಮಾಡಿರುವುದು ಆ ಸಂದೇಹಕ್ಕೆ ಕೊಟ್ಟ ಉತ್ತರ. ಪರೀಕ್ಷಾ ಕೇಂದ್ರದಲ್ಲಿ ನಕಲಿಗೆ ಎಡೆಕೊಟ್ಟರೆ ಆ ಕೇಂದ್ರದ ಮಕ್ಕಳಷ್ಟೇ ಅಲ್ಲ, ಆ ಮಂಡಳಿಯ ಪ್ರಮಾಣಪತ್ರ ಹಿಡಿದ ಎಲ್ಲರೂ ನಷ್ಟ ಅನುಭವಿಸುತ್ತಾರೆ.

ಕನ್ನಡದ ವಿದ್ಯಾರ್ಥಿಗಳು

ಎನ್‌ಐಒಎಸ್‌ನ ಹತ್ತನೆಯ ತರಗತಿಯ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇದೆ. ಅದರ ವಿಷಯ ಸಂಖ್ಯೆ 208. ಕೇಳುವಿಕೆಯ ತೊಂದರೆ ಇರುವವರು ಭಾರತೀಯ ಸಂಜ್ಞಾ ಭಾಷೆಯನ್ನೇ ಒಂದು ಭಾಷೆಯಾಗಿ ತೆಗೆದುಕೊಳ್ಳಬಹುದು. ಇದು 2021ರಲ್ಲಿ ಪ್ರಕಟವಾದ ಸೌಲಭ್ಯ. ಆಂಧ್ರದ ಸಾಮಾನ್ಯ ಹತ್ತನೆಯ ತರಗತಿಯ ಪರೀಕ್ಷೆಯೂ ಕನ್ನಡ ಮಾಧ್ಯಮದಲ್ಲಿ ನಡೆಯುತ್ತದೆ. ರಾಯದುರ್ಗ, ಮಡಕಶಿರಾ, ಆದೋನಿ ಭಾಗದ ಗಡಿನಾಡಿನ ಮಕ್ಕಳು ಅದನ್ನು ಬರೆಯುತ್ತಾರೆ. ವರ್ಗಾವಣೆಯಾಗಿ ವಿಶಾಖಪಟ್ಟಣಕ್ಕೆ ಬಂದ ಕನ್ನಡ ಕುಟುಂಬದ ಮಗು ತೆಲುಗು ಕಲಿಯಲು ಸಮಯ ಸಿಗದೆ ಕಂಗಾಲಾದರೆ, ಕನ್ನಡವನ್ನೇ ಭಾಷೆಯಾಗಿ ಇಟ್ಟುಕೊಂಡು ಓದು ಮುಂದುವರಿಸುವ ದಾರಿ ಎನ್‌ಐಒಎಸ್‌ನಲ್ಲಿದೆ.

ಕರ್ನಾಟಕದಲ್ಲೂ 1996ರಿಂದ ಮೈಸೂರಿನ ಜೆಎಸ್‌ಎಸ್ ಮಹಾವಿದ್ಯಾಪೀಠದ ಆಶ್ರಯದಲ್ಲಿ ಕರ್ನಾಟಕ ಮುಕ್ತ ಶಾಲೆ ನಡೆದಿದೆ. ಬೆಂಗಳೂರಿನಲ್ಲಿ ಎನ್‌ಐಒಎಸ್‌ನ ಪ್ರಾದೇಶಿಕ ಕೇಂದ್ರವಿದೆ. ಸಾಮಾನ್ಯ ಎಸ್ಸೆಸ್ಸೆಲ್ಸಿ, ದ್ವಿತೀಯ ಪಿಯುಸಿಗೆ 2024ರಲ್ಲಿ ಪರೀಕ್ಷೆ 1, 2, 3 ಎಂದು ಒಂದೇ ವರ್ಷದಲ್ಲಿ ಮೂರು ಅವಕಾಶ ಬಂದವು. ವಿದ್ಯಾರ್ಥಿ ತನ್ನ ಉತ್ತಮ ಅಂಕ ಉಳಿಸಿಕೊಳ್ಳಬಹುದಿತ್ತು. ‘ಪೂರಕ’ ಎಂಬ ಹಣೆಪಟ್ಟಿ ತೆಗೆದದ್ದು ಈ ಸುಧಾರಣೆಯ ಒಳ್ಳೆಯ ಅಂಶ. ಪಾಸಾದ ವಿಷಯ ಪಾಸಾದದ್ದೇ, ಉಳಿದದ್ದಕ್ಕೆ ಮತ್ತೆ ಅವಕಾಶ ಎಂಬ ಮುಕ್ತ ಶಾಲೆಯ ನಂಬಿಕೆ ಇದಕ್ಕೆ ಹತ್ತಿರವಾದದ್ದು.

ಕೊರತೆಗಳು ಮತ್ತು ಆಗಬೇಕಾದದ್ದು

ನಿಯಮಗಳು ಉದಾರವಾಗಿವೆ, ಆದರೆ ಅವು ವಿದ್ಯಾರ್ಥಿಯ ಕಿವಿಗೆ ಬೀಳುವುದು ಕಷ್ಟ. ಐದು ವರ್ಷ ಕಾಲಾವಕಾಶವಿದೆ ಎಂಬ ಭರವಸೆಯಲ್ಲೇ ಓದು ಮುಂದೆ ಮುಂದೆ ಹೋಗಿ, ಕೊನೆಗೆ ನೋಂದಣಿಯ ಅವಧಿಯೇ ಮುಗಿದುಬಿಡುವುದುಂಟು. ಅಸೈನ್‌ಮೆಂಟಿನ ಗಡುವು ತಪ್ಪಿದ್ದು ಫಲಿತಾಂಶ ಬಂದ ಮೇಲೆ ತಿಳಿಯುತ್ತದೆ. ಘಟ್ಟದ ಹಳ್ಳಿಗಳಲ್ಲಿ ನೆಟ್‌ವರ್ಕ್ ಸಿಗದೆ ಅಪ್‌ಲೋಡ್ ಮಾಡುವುದೇ ಸಾಹಸ. ಪರೀಕ್ಷಾ ಕೇಂದ್ರ ದೂರವಿದ್ದರೆ ಹೆಣ್ಣುಮಕ್ಕಳು ಹಾಲ್‌ಟಿಕೆಟ್ ಕೈಯಲ್ಲಿದ್ದರೂ ಹೋಗಲಾರರು.

ಇವುಗಳಿಗೆ ಪರಿಹಾರ ದುಬಾರಿಯಲ್ಲ. ಸೇರುವ ದಿನವೇ ಅಂಕದ ಲೆಕ್ಕ, ಎರಡು ವರ್ಷದ ಅಂತರ, ಒಂಬತ್ತು ಅವಕಾಶ, ಗಡುವಿನ ದಿನಾಂಕ ಇಷ್ಟನ್ನು ವಿದ್ಯಾರ್ಥಿಯ ಭಾಷೆಯಲ್ಲಿ ಒಂದು ಹಾಳೆಯಲ್ಲಿ ಮುದ್ರಿಸಿ ಕೈಗೆ ಕೊಡಬೇಕು. ಗಡುವಿಗೆ ಮುನ್ನ ಅಧ್ಯಯನ ಕೇಂದ್ರದವರು ಫೋನ್ ಮಾಡಿ ವಿಚಾರಿಸಬೇಕು. ಎಷ್ಟು ವಿಷಯ ಮುಗಿದಿದೆ, ಎಷ್ಟು ಅವಕಾಶ ಉಳಿದಿದೆ ಎಂಬುದು ವಿದ್ಯಾರ್ಥಿಗೆ ಮೊಬೈಲಿನಲ್ಲೇ ಕಾಣುವಂತಿರಬೇಕು. ಘಟ್ಟದ ಊರುಗಳಲ್ಲಿ ಕೈಬರಹದ ಅಸೈನ್‌ಮೆಂಟನ್ನು ಹತ್ತಿರದ ಸರ್ಕಾರಿ ಶಾಲೆಯಲ್ಲಿ ಕೊಟ್ಟು ರಸೀದಿ ಪಡೆಯುವ ಅನುಕೂಲ ಇರಬೇಕು. ಅಸೈನ್‌ಮೆಂಟ್ ತಿದ್ದುವ ಶಿಕ್ಷಕರಿಗೆ ಟಿಪ್ಪಣಿ ಬರೆಯುವಷ್ಟು ಸಮಯವೂ ಸಂಭಾವನೆಯೂ ಸಿಗಬೇಕು. ಕಾಲಾವಕಾಶ ಕೊಡುವುದು ನಿಯಮದ ಅರ್ಧ ಕೆಲಸ. ಆ ಕಾಲದುದ್ದಕ್ಕೂ ವಿದ್ಯಾರ್ಥಿಯ ಜೊತೆ ಒಬ್ಬ ಶಿಕ್ಷಕ ಇದ್ದಾಗಲೇ ಉಳಿದರ್ಧ ಆಗುವುದು.